ಕೌದಿ ದಿನ

ಕಾನ್ವೆಂಟಿನಲ್ಲಿ ಕಲಿತ ನನಗೆ ಅದು ಆಟಮ್. ಪಂಚಾಂಗ ನೋಡುವ ನಮ್ಮ ಅತ್ತೆಗೆ ಶರದೃತು. ನಮ್ಮೂರು ನಿಲಂಗಾದ ಉಳಿದವರಿಗೆಲ್ಲ ಹೋದ ವರ್ಷದಿಂದ ಅದು ಭೂಕಂಪದ ದಿನ. ಹಳೆ ಸೀರೆಗಳನ್ನು ಸೇರಿಸಿ ಚಳಿಗೆ ಕೌದಿ ಹೊಲಿಯುವ ಮುದುಕಿ ಮಾತ್ರ ಎಂದಿನಂತೆ ನಮ್ಮ ಬಾಗಿಲಲ್ಲಿ ಕೂತು ಸೂಜಿ ಪೋಣಿಸುತ್ತ, "ಕೌದಿ ದಿನ ಬಂದ್ವು ರೀ ಬಾಯಾರ," ಎನ್ನುತ್ತಿದ್ದಳು.

ಭೂಕಂಪವಾಗಿ ವರ್ಷ ಕಳೆದರೂ ನಾನು ಹೆದರಿ ಅಂಗಳದಲ್ಲೇ ಮಲಗುತ್ತಿದ್ದೆ. ಹೊಲಿಗೆ ಮುಗಿದ ಮಧ್ಯಾಹ್ನ ಅವಳು ಹೊಸ ಕೌದಿಯನ್ನು ಒಳಗಿನ ಮಂಚಕ್ಕೆ ಹಾಸಿ, ತಾನೇ ಅದರ ಮೇಲೆ ಕಾಲು ಚಾಚಿದಳು.

"ಆಯಿ, ಮ್ಯಾಲ ಮಣ್ಣಿನ ಮಾಳಿಗಿ ಅದ," ಎಂದೆ.

"ಇರ್ಲಿ ತಗೋರಿ. ಅದು ಬೀಳೂ ತನಕ ನಂದೊಂದು ನಿದ್ದಿ ಆಗ್ತದ."

ಎರಡೇ ಮಿನಿಟಿಗೆ ಗೊರಕೆ. ನಾನು ಹೊಸ್ತಿಲಲ್ಲಿ ಆ ಮಣ್ಣಿನ ಛಾವಣಿಯನ್ನೇ ನೋಡುತ್ತ ಬಹಳ ಹೊತ್ತು ನಿಂತೆ. ಆಮೇಲೆ ಸ್ಲಿಪರ್ ಬಿಟ್ಟು ಒಳಗೆ ಹೋಗಿ, ಅವಳನ್ನು ಮೆಲ್ಲಗೆ ಗೋಡೆಯ ಕಡೆ ಸರಿಸಿ, ಪಕ್ಕದಲ್ಲಿ ಮಲಗಿದೆ.