ತೆರೆದೇ ಮಲಗಿದ ಕಣ್ಣು

ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತಿದ್ದೆ. ನೀರಿನ ಒಂದು ಎಳೆ ತುಟಿಯ ಎಡ ಅಂಚಿನಿಂದ ತಾನಾಗಿಯೇ ಜಾರಿ ಕುತ್ತಿಗೆಗಿಳಿಯಿತು.

"ಬಸ್ಸಿನ್ಯಾಗ ಕಿಟಕಿ ಕಡೆ ಕುಂತಿದ್ದಿ, ಗಾಳಿ ಬಡದಿರಬೇಕು" ಎಂದಳು ಅಕ್ಕ. ಬಾಗಲಕೋಟೆಯಿಂದ ಬಂದು ಬಿಟಿಎಂ ಲೇಔಟಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದವರು ನಾವಿಬ್ಬರೇ. ಅವಳು ಶಾಲೆಯಲ್ಲಿ ಟೀಚರ್, ನಾನು ಜಯನಗರದ ಒಂದು ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್.

ನಮ್ಮ ಬೀದಿಯ ಡಾಕ್ಟರು ಬೆಲ್ಸ್ ಪಾಲ್ಸಿ, ಮುಖದ ಒಂದು ಬದಿ ಸೋತಿದೆ ಎಂದು ಮಾತ್ರೆ ಕೊಟ್ಟರು. ತಿಂಗಳುಗಳು ಕಳೆದವು. ಬಾಯಿ ಇನ್ನಷ್ಟು ಓರೆಯಾಯಿತು. 'ಪ', 'ಬ' ತುಟಿಯಿಂದ ಹೊರಡಲಿಲ್ಲ. ಆಫೀಸಿನವರು ನನ್ನನ್ನು ಫೋನಿನಿಂದ ಎಬ್ಬಿಸಿ ಫೈಲುಗಳ ಕಡೆ ಕೂರಿಸಿದರು. ಕ್ರಮೇಣ ಎಡಗಣ್ಣು ಮುಚ್ಚುವುದನ್ನೇ ಬಿಟ್ಟಿತು. ನಿದ್ದೆಯಲ್ಲೂ ಅದು ತೆರೆದಿರುತ್ತಿದ್ದುದರಿಂದ ನನ್ನ ಕನಸುಗಳೊಳಗೆ ನಮ್ಮ ಕೋಣೆಯೂ ಬಂದು ಸೇರುತ್ತಿತ್ತು. ಊರಿನ ಹೊಳೆಯ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿತ್ತು. ಹಗ್ಗಕ್ಕೆ ಹಾಕಿದ ಅಕ್ಕನ ಸೀರೆ ದಂಡೆಯುದ್ದಕ್ಕೂ ಹಾರುತ್ತಿತ್ತು. ಯಾವುದು ನಿದ್ದೆ, ಯಾವುದು ಎಚ್ಚರ ಎಂದು ಬೇರ್ಪಡಿಸುವ ಗೋಜಿಗೇ ಹೋಗುತ್ತಿರಲಿಲ್ಲ.

ಕೊನೆಗೆ ದೊಡ್ಡ ಆಸ್ಪತ್ರೆಯ ಇಎನ್‌ಟಿ ಡಾಕ್ಟರು ನನ್ನ ಕಿವಿಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿದರು.

"ಬೆಲ್ಸ್ ಪಾಲ್ಸಿ ದಿಢೀರಂತ ಬರುತ್ತಮ್ಮ, ಆಮೇಲೆ ಇಳಿಯುತ್ತೆ. ನಿಮ್ದು ನಿಧಾನಕ್ಕೆ ಏರ್ತಾನೇ ಇದೆ. ಇಲ್ಲೊಂದು ಗಂಟಿದೆ. ಸ್ಕ್ಯಾನ್ ಮಾಡಿಸೋಣ, ಬಯಾಪ್ಸಿನೂ."

ಜೊಲ್ಲಿನ ಗ್ರಂಥಿಯ ಕ್ಯಾನ್ಸರ್.

ಅದು ಮುಖದ ನರವನ್ನೇ ಹಿಡಿದಿತ್ತು. ಗಂಟಿನ ಜೊತೆ ನರವನ್ನೂ ಕತ್ತರಿಸಬೇಕು, ಕಾಲಿನಿಂದ ಒಂದು ನರ ತೆಗೆದು ಅಲ್ಲಿ ಜೋಡಿಸುತ್ತೇವೆ ಎಂದರು. "ಮುಖ ಮತ್ತೆ ಆಡುತ್ತೆ ಅಂತ ಮಾತು ಕೊಡಕ್ಕಾಗಲ್ಲ."

"ಕಾಲಿನ ನರ ಮಾರಿಗೆ ಹಚ್ಚಿದ್ರ, ಇನ್ನ ನೀ ಮಾರೀಲೇ ನಡೀತಿ ನೋಡು" ಎಂದು ಅಕ್ಕ ಕಾರಿಡಾರಿನಲ್ಲಿ ನನ್ನನ್ನು ನಗಿಸಲು ನೋಡಿದಳು. ಹೇಳಿ ಮುಗಿಸುವಷ್ಟರಲ್ಲಿ ಅವಳೇ ಅತ್ತಳು.

ಆಪರೇಷನ್ ಆಯಿತು. ರೇಡಿಯೇಷನ್ನಿನ ದಿನಗಳು ಮಂಜಿನೊಳಗೆ ನಡೆದಂತೆ ಕಳೆದವು. ಅನ್ನಕ್ಕೆ ರುಚಿಯಿರಲಿಲ್ಲ. ಮಲಗುವ ಮುನ್ನ ಅಕ್ಕ ಕಣ್ಣಿಗೆ ಡ್ರಾಪ್ಸ್ ಹಾಕಿ, ರೆಪ್ಪೆಯನ್ನು ಮೆಲ್ಲಗೆ ಎಳೆದು ಟೇಪ್ ಅಂಟಿಸುತ್ತಿದ್ದಳು. ಅಂಟಿಸಿ ಮುಗಿಯುವವರೆಗೂ ಉಸಿರು ಬಿಗಿಹಿಡಿದಿರುತ್ತಿದ್ದಳು.

ಮೊನ್ನೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಸದ್ಯಕ್ಕೆ, ಎಂದರು ಡಾಕ್ಟರು. ನಮಗೂ ಸದ್ಯಕ್ಕೆ ಅಷ್ಟು ಸಾಕಾಗಿತ್ತು.

ಸಂಜೆ ಮಡಿವಾಳ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆವು. ಅಕ್ಕ ತನ್ನ ಹೆಡ್‌ಮಿಸ್ಸಿನ ದನಿಯನ್ನು ಅಣಕಿಸಿದಳು, ನಾನು ನಕ್ಕೆ. ಅವಳು ನಿಂತುಬಿಟ್ಟಳು.

"ಇನ್ನೊಮ್ಮಿ ನಗು."

"ಯಾಕ?"

"ಎಡಗಡೆ ತುಟಿ ಅಳ್ಳಾಡಿದಂಗಾತು."

ನನಗೇನೂ ಗೊತ್ತಾಗಿರಲಿಲ್ಲ. ಅವಳಿಗಾಗಿ ಮತ್ತೆ ನಕ್ಕೆ. ಅಕ್ಕ ನನ್ನ ಗಲ್ಲ ಹಿಡಿದು ಬಹಳ ಹೊತ್ತು ನೋಡಿದಳು.

"ಬೆಳಕು ಕಡಿಮಿ ಐತಿ," ಎಂದಳು. "ನಾಳೆ ನೋಡೂಣು."