ಮಟಕಿಯ ಒಂಬತ್ತು ನಿಂಬೆ ಗಿಡಗಳು

1993ರ ಆಗಸ್ಟ್‌ನಲ್ಲಿ ನಾನು ಆಳಂದ ತಾಲ್ಲೂಕಿನಲ್ಲಿ ಕೃಷಿ ಸಹಾಯಕನಾಗಿದ್ದೆ. ಇಲಾಖೆಯವರು ಪ್ರಯೋಗಕ್ಕೆಂದು ಬಿ.ಟಿ. ಎಂಬ ಜೈವಿಕ ಕೀಟನಾಶಕದ ಕೆಲವು ಪೊಟ್ಟಣಗಳನ್ನು ಕೊಟ್ಟಿದ್ದರು. ಬ್ಯಾಕ್ಟೀರಿಯಾದಿಂದ ತಯಾರಿಸಿದ ಪುಡಿ ಅದು. ಎಲೆಯ ಜೊತೆ ಹೊಟ್ಟೆಗೆ ಹೋದರೆ ಹುಳು ಮೇಯುವುದನ್ನು ಬಿಟ್ಟು ಎರಡು ಮೂರು ದಿನಗಳಲ್ಲಿ ಸಾಯುತ್ತದೆ.

ಮಟಕಿ ಎಂಬ ಊರಿನ ಶರಣಮ್ಮನವರ ಹಿತ್ತಲಲ್ಲಿ ಒಂಬತ್ತು ನಿಂಬೆ ಗಿಡಗಳಿದ್ದವು. ಹಸಿರು ಹುಳುಗಳು ಚಿಗುರನ್ನು ಬೋಳಿಸುತ್ತಿದ್ದವು. ಹಿಂದೊಮ್ಮೆ ಹತ್ತಿಗೆ ಔಷಧ ಹೊಡೆಯಲು ಹೋದ ಆಕೆಯ ಗಂಡನನ್ನು ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಮನೆಗೆ ಹೊತ್ತು ತಂದಿದ್ದರು, ಆತ ಉಳಿಯಲಿಲ್ಲ. ಆ ವಿಷದ ವಾಸನೆ ಮತ್ತೆ ತನ್ನ ಹಿತ್ತಲಿಗೆ ಬರಬಾರದು ಎಂಬುದೊಂದೇ ಆಕೆಯ ಹಟ. ಪಕ್ಕದ ಹೊಲದಲ್ಲಿ ಹೊಸ ನಿಂಬೆ ಸಸಿ ನೆಟ್ಟಿದ್ದ ಮೈದುನ ಬಸಣ್ಣ, ತನ್ನ ಸಸಿಗೂ ಹರಡೀತೆಂದು, ಅಮಾವಾಸ್ಯೆಯೊಳಗೆ ಹುಳು ಹೋಗದಿದ್ದರೆ ತಾನೇ ವಿಷ ಹೊಡೆಯುವುದಾಗಿ ಹೇಳಿದ್ದ.

ಬಿಸಿಲು ಪುಡಿಯ ಶಕ್ತಿಯನ್ನು ಕುಂದಿಸುತ್ತದೆ. ಆದ್ದರಿಂದ ಸಂಜೆ ಸಿಂಪಡಿಸಿ ಕೊನೆಯ ಬಸ್ಸಿಗೆ ಮರಳಿದೆ. ನಾಲ್ಕನೆಯ ದಿನ ಹೋದಾಗ ಹುಳುಗಳು ಹಾಗೆಯೇ ಇದ್ದವು.

"ನಿಮ್ಮ ಹಿಟ್ಟು ಉಂಡು ದಪ್ಪ ಆಗ್ಯಾವ್ರಿ, ಸಾಹೇಬ್ರ," ಎಂದ ಬಸಣ್ಣ.

ಬೇರೆ ಔಷಧ ಏನಾದರೂ ಹಾಕಿದ್ದೀರಾ ಎಂದು ಶರಣಮ್ಮನವರನ್ನು ಕೇಳಿದೆ. ಇಲ್ಲವೆಂದರು. ಎಲೆಗಳ ಮೇಲೆ ಬೂದುಬಣ್ಣದ ಪುಡಿ ಕಂಡಿತ್ತು. ಹದಿನೈದು ದಿನಗಳಿಂದ ಮಳೆ ಇರಲಿಲ್ಲ. ಡೈರಿಯಲ್ಲಿ 'ಬಂಡಿ ದಾರಿಯ ಧೂಳು' ಎಂದು ಬರೆದುಕೊಂಡು ಎರಡನೆಯ ಸಲ ಸಿಂಪಡಿಸಿದೆ. ಫಲ ಅದೇ.

ಮೂರನೆಯ ಸಲ ಸಿಂಪಡಿಸಿದ ಸಂಜೆ ಬಸ್ಸು ಬರಲಿಲ್ಲ. ಊರಿನ ಶಾಲೆಯಲ್ಲಿ ಮಲಗಿ ಬೆಳಿಗ್ಗೆ ಹಿತ್ತಲಿಗೆ ಹೋದೆ. ಶರಣಮ್ಮ ಮೊರ ಹಿಡಿದು, ಇಬ್ಬನಿ ಆರುವ ಮುನ್ನ, ಗಿಡದಿಂದ ಗಿಡಕ್ಕೆ ಬೂದಿ ಎರಚುತ್ತಿದ್ದರು.

"ಔಷಧ ಏನೂ ಹಾಕಿಲ್ಲ ಅಂದಿದ್ರಿ, ಅಕ್ಕಾರ."

"ಬೂದಿ ಔಷಧ ಹ್ಯಾಂಗಾಗ್ತದ್ರಿ? ಒಲಿ ಬೂದಿ. ನಮ್ಮತ್ತಿ ಕಾಲದಿಂದ ದಿನಾ ಉಗ್ಗತೇವಿ."

ಬೂದಿ ಕ್ಷಾರ. ಇಬ್ಬನಿಯಲ್ಲಿ ಕರಗಿ ಅದು ಬಿ.ಟಿ.ಯನ್ನು ಕೆಡಿಸುತ್ತದೆ. ಇದು ನನಗೆ ತಿಳಿದಿತ್ತು, ಆಕೆಗೆ ಹೇಳಿರಲಿಲ್ಲ.

ಅಂದೇ ಅಮಾವಾಸ್ಯೆ. ಇನ್ನು ನಾಲ್ಕು ದಿನ ಕೊಡು ಎಂದು ಬಸಣ್ಣನನ್ನು ಕೇಳಿದೆ. ಆತ ಅದಾಗಲೇ ಪಂಪಿಗೆ ವಿಷ ತುಂಬಿ ನಿಂತಿದ್ದ.

ಶರಣಮ್ಮ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ಬಾವಿ ದಂಡಿ ಮ್ಯಾಲಿನ ಎರಡು ಬಿಡಪ್ಪಾ. ಆ ನೀರು ನೀನೂ ಕುಡೀತಿ," ಎಂದರಷ್ಟೆ.

ಆತ ಏಳು ಗಿಡಗಳಿಗೆ ಹೊಡೆದ. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದರು. ಸಂಜೆ ಉಳಿದ ಅರ್ಧ ಪೊಟ್ಟಣವನ್ನು ಬಾವಿಯ ಬಳಿಯ ಎರಡು ಗಿಡಗಳಿಗೆ ಸಿಂಪಡಿಸಿದೆ. ಆಕೆ ಬೂದಿ ಮುಟ್ಟಲಿಲ್ಲ. ಮೂರನೆಯ ದಿನ ಹುಳುಗಳು ಕಪ್ಪಾಗಿ ಕೊಂಬೆಗಳಲ್ಲಿ ಜೋತು ಬಿದ್ದಿದ್ದವು.

ವರದಿಯಲ್ಲಿ 'ಎರಡು ಗಿಡಗಳಲ್ಲಿ ಯಶಸ್ವಿ' ಎಂದು ಬರೆದೆ. ಸುಳ್ಳಲ್ಲ. ಮುಂದೆ ಅಫಜಲಪುರ, ಜೇವರ್ಗಿಯಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಏನು ಔಷಧ ಹಾಕಿದ್ದೀರಿ ಎಂದು ನಾನು ಯಾರನ್ನೂ ಮೊದಲು ಕೇಳಲಿಲ್ಲ. ಬೆಳಗಾಗೆದ್ದು ಗಿಡಕ್ಕೆ ಏನೇನು ಮಾಡುತ್ತೀರಿ ಎಂದು ಕೇಳಿದೆ. ಆ ಪ್ರಶ್ನೆ ಮಟಕಿಯಲ್ಲಿ ನನಗೆ ಹೊಳೆದಿರಲಿಲ್ಲ. ವಿಷ ಬಿದ್ದ ಏಳು ಗಿಡಗಳ ಹಣ್ಣುಗಳನ್ನು ಶರಣಮ್ಮ ಆ ವರ್ಷ ಮುಟ್ಟಲಿಲ್ಲ. ಅವು ಹಳದಿಯಾಗಿ ಬುಡದಲ್ಲೇ ಉದುರಿ ಬಿದ್ದಿದ್ದವು.