ಕಾರ್ಪೆಟ್ಟಿನಡಿಯ ಹುರಿ

ಐವತ್ತರ ಹತ್ತಿರ ಬಂದರೂ ಬೇಬಿಯನ್ನು ಎಲ್ಲರೂ ಬೇಬಿ ಎಂದೇ ಕರೆಯುತ್ತಿದ್ದರು, ಏಕೆಂದರೆ ಅವಳ ಹೆಸರೇ ಅದು. ಕಾರ್ಕಳದ ಕಡೆಯ ಶಾಲೆಯಲ್ಲಿ ಮೇಷ್ಟ್ರು ಹಾಗೆ ಬರೆದುಕೊಂಡರು, ಪಾಸ್‌ಪೋರ್ಟಿಗೂ ಅದೇ ಬಂತು. ಬಹರೈನಿನ ರಾಜಧಾನಿ ಮನಾಮದ ಕಡಲಬದಿಯ ದೊಡ್ಡ ಹೋಟೆಲೊಂದರಲ್ಲಿ ಅವಳು ಟೈಲರ್. ಲಾಂಡ್ರಿಯ ಪಕ್ಕದ ಕೋಣೆಯಲ್ಲಿ ಕುಳಿತು ವೇಟರುಗಳ ಕೋಟಿಗೆ ಗುಂಡಿ ಹಾಕುವುದು, ಪರದೆ ಹೊಲಿಯುವುದು ಅವಳ ಕೆಲಸ. ಗಂಡ ಲೀಲಾಧರ ಅಲ್ಲಿಯೇ ಬಡಗಿ. ಮಾಹೂಝ್‌ನ ಒಂದು ಕೋಣೆಯ ಮನೆಯಿಂದ ಇಬ್ಬರೂ ಬೆಳಿಗ್ಗೆ ಒಂದೇ ವ್ಯಾನಿನಲ್ಲಿ ಬರುತ್ತಿದ್ದರು, ದಾರಿಯುದ್ದಕ್ಕೂ ಜಗಳವಾಡುತ್ತಿದ್ದರು, ಇಳಿಯುವಾಗ ಸರಿಯಾಗಿರುತ್ತಿದ್ದರು.

ಹೊಲಿಗೆ ಬೇಬಿಗೆ ಅಪ್ಪನಿಂದ ಬಂದದ್ದು. ಅಪ್ಪ ಯಕ್ಷಗಾನ ಮೇಳದಲ್ಲಿ ಕಲಾವಿದರಿಗೆ ವೇಷ ಕಟ್ಟುವವರು. ಮನೆತುಂಬ ಮಣಿ, ಜರಿ, ಕಿರೀಟದ ಚೂರುಗಳು. ಸ್ತ್ರೀವೇಷದ ಸೀರೆಗಳಿಗೆ ಅಂಚು ಹಚ್ಚಿಕೊಟ್ಟದ್ದೆಲ್ಲ ಬೇಬಿಯೇ, ಆದರೆ ಆ ಸೀರೆ ಉಡುತ್ತಿದ್ದವರು ಗಂಡಸರು. ಹುಡುಗಿಯಾಗಿದ್ದಾಗ ಒಂದು ಸಂಜೆ ಆಟ ಶುರುವಾಗುವ ಮೊದಲು ಖಾಲಿ ರಂಗಸ್ಥಳ ಹತ್ತಿ ಎರಡು ಹೆಜ್ಜೆ ಕುಣಿದಿದ್ದಳು. ಅಪ್ಪ ಕೈಹಿಡಿದು ಎಳೆದು ಬೆನ್ನಿಗೆ ಎರಡು ಕೊಟ್ಟಿದ್ದರು. ಆಮೇಲೆ ಅವಳು ಯಾವ ರಂಗವನ್ನೂ ಹತ್ತಲಿಲ್ಲ. ಬಹರೈನಿನ ಕನ್ನಡ ಸಂಘದ ನಾಟಕಗಳಿಗೂ ಬಟ್ಟೆ ಹೊಲಿದುಕೊಟ್ಟು ಹಿಂದೆಯೇ ನಿಲ್ಲುವಳು. ಪಾತ್ರ ಮಾಡೆಂದು ಯಾರೂ ಕೇಳಲಿಲ್ಲ, ಇವಳೂ ಬಾಯಿಬಿಡಲಿಲ್ಲ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರಾದರೂ ಯಾರು!

ಕೊಲ್ಲಿ ಯುದ್ಧ ಮುಗಿದ ವರ್ಷದ ಚಳಿಗಾಲದಿಂದ ಲಂಡನ್ನಿನ ಒಂದು ನಾಟಕ ಕಂಪೆನಿ ಈ ಹೋಟೆಲಿಗೆ ಬರತೊಡಗಿತು. ದೊಡ್ಡ ಹಾಲಿನಲ್ಲಿ ಮೊದಲು ಊಟ, ಆಮೇಲೆ ನಗೆನಾಟಕ. ಬುದಯ್ಯದ ಕಡೆಯ ವಿದೇಶೀಯರ ವಸತಿ ಕಂಪೌಂಡುಗಳಿಂದ ಇಂಗ್ಲಿಷಿನವರು ಕಾರು ಕಾರು ತುಂಬಿ ಬರುತ್ತಿದ್ದರು. ಬಹರೈನಿನಲ್ಲಿ ಒಂದು ವಾರ, ಆಮೇಲೆ ದುಬೈ, ಮಸ್ಕತ್. ಕಂಪೆನಿಯವರು ಬಟ್ಟೆ ತೊಡಿಸುವವರನ್ನು ವಿಮಾನ ಹತ್ತಿಸಿ ಕರೆತರುವಷ್ಟು ಧಾರಾಳಿಗಳಲ್ಲ. ಹೋಟೆಲಿನವರು ಬೇಬಿಯನ್ನು ಕೊಟ್ಟರು.

ಹೀಗೆ ಅವಳ ಪಾಲಿಗೆ ಬಂದವಳು ಎನಿಡ್ ಪಾಸ್ಕೋ. ಬೇಬಿಯ ಬಾಯಲ್ಲಿ ಪಾಸ್ಕೋ ಮೇಡಂ.

ಮೇಡಮ್ಮಿನ ಚರಿತ್ರೆಯನ್ನು ಬೇಬಿ ಬಟ್ಟೆ ತೊಡಿಸುತ್ತ ಕಂತುಕಂತಾಗಿ ಕೇಳಿದ್ದು. ಹದಿನೇಳಕ್ಕೆ ಮನೆಬಿಟ್ಟು ಸಣ್ಣ ಊರೊಂದರ ನಾಟಕಶಾಲೆ ಸೇರಿದಳಂತೆ. ಅಲ್ಲಿ ವಾರಕ್ಕೊಂದು ಹೊಸ ನಾಟಕ: ಹಗಲು ಮುಂದಿನ ವಾರದ್ದರ ಅಭ್ಯಾಸ, ರಾತ್ರಿ ಈ ವಾರದ್ದರ ಆಟ. ಆಮೇಲೆ ಲಂಡನ್ನು, ಆಮೇಲೆ ಸಿನಿಮಾ. ಸಿನಿಮಾದಲ್ಲಿ ನರ್ಸು, ಟೆಲಿಫೋನ್ ಹುಡುಗಿ, ಇಲ್ಲವೆ ಮೊದಲ ಹತ್ತು ನಿಮಿಷದಲ್ಲೇ ಕೊಲೆಯಾಗುವವಳು. ಕೊನೆಗೆ ಟಿ.ವಿ. ಧಾರಾವಾಹಿಯೊಂದರಲ್ಲಿ ಬಾಡಿಗೆಮನೆಯ ಜೋರಿನ ಯಜಮಾನಿಯಾಗಿ ಆರು ವರ್ಷ ಮೆರೆದಳು. ರಸ್ತೆಯಲ್ಲಿ ಜನ ನಿಲ್ಲಿಸಿ ಬಾಡಿಗೆ ಕಡಿಮೆ ಮಾಡು ಎನ್ನುತ್ತಿದ್ದರಂತೆ. ಸಂಬಳ ಹೆಚ್ಚು ಕೇಳಿದ ವರ್ಷ ಧಾರಾವಾಹಿಯವರು ಯಜಮಾನಿಯನ್ನು ಮೆಟ್ಟಿಲ ಮೇಲಿಂದ ಬೀಳಿಸಿ ಸಾಯಿಸಿಬಿಟ್ಟರು. "ಆವತ್ತಿನಿಂದ ನಾನು ಊಟದ ಜೊತೆ ಸಿಗುವ ನಟಿ" ಎಂದು ಮೇಡಂ ನಗುತ್ತಿದ್ದಳು.

ಮೊದಲ ವರ್ಷವೇ ಬೇಬಿ ಒಂದು ಎಡವಟ್ಟು ಮಾಡಿದಳು. ನಾಟಕದ ನಡುವೆ ಮೇಡಂ ಒಳಗೆ ಬಂದು ರೇಷ್ಮೆ ಗೌನು ಕಳಚಿ, ಅದರಡಿಯ ರಾತ್ರಿಯುಡುಪಿನಲ್ಲಿ ಮತ್ತೆ ಹೊರಗೆ ಹೋಗಬೇಕು. ಅಂದು ಗೌನಿನ ಕೊಕ್ಕೆಗಳು ಕಿತ್ತುಬಂದಿದ್ದವು. ಬೇಬಿ ಗಟ್ಟಿ ಲಾಡಿ ಹಾಕಿ, ಅಪ್ಪ ಕಟ್ಟುತ್ತಿದ್ದ ಹಾಗೆ, ಬೆಳಗಿನವರೆಗೆ ಕುಣಿದರೂ ಜಾರದ ಗಂಟು ಬಿಗಿದಳು. ಬಿಚ್ಚಬೇಕಾದಾಗ ಅದು ಬಿಚ್ಚಲೇ ಇಲ್ಲ. ವೇಷ ಕಟ್ಟುವುದು ಜಾರದೆ ನಿಲ್ಲಲಿಕ್ಕೆ ಎಂದು ಕಲಿತವಳಿಗೆ ಕಳಚಲಿಕ್ಕೂ ಕಟ್ಟಬೇಕೆಂದು ಯಾರು ಹೇಳಿದ್ದರು? ಮೇಡಂ ರೇಷ್ಮೆ ಗೌನಿನಲ್ಲೇ ಹೋಗಿ ಹಾಸಿಗೆಯಲ್ಲಿ ಮಲಗಿದಳು, ಜನ ಬಿದ್ದು ಬಿದ್ದು ನಕ್ಕರು. ನಾಟಕ ಮುಗಿದ ಮೇಲೆ ಕಂಪೆನಿಯ ಮ್ಯಾನೇಜರ್ ಸಿಟ್ಟಿನಿಂದ ಕೆಂಪಾಗಿ ಬಂದ. ಮೇಡಂ ಬೇಬಿಯ ಮುಂದೆ ನಿಂತು, "ನಾನೇ ಕಟ್ಟಲು ಹೇಳಿದ್ದು, ನನ್ನನ್ನು ಬೈಯಿ" ಎಂದಳು. ಹೋಟೆಲಿನವರ ತನಕ ದೂರು ಹೋಗಿದ್ದರೆ ಬೇಬಿಯ ಕೆಲಸ ಹೋಗುತ್ತಿತ್ತು. ಅದನ್ನು ಅವಳು ಮರೆಯಲಿಲ್ಲ.

ವರ್ಷ ಕಳೆದಂತೆ ಮೇಡಮ್ಮಿನ ಪಾತ್ರಗಳು ಕುಗ್ಗಿದವು. ನಾಯಕಿಯಿಂದ ಅತ್ತೆ, ಅತ್ತೆಯಿಂದ ಚಿಕ್ಕಮ್ಮ. ತೊಂಬತ್ತಾರರ ಚಳಿಗಾಲದಲ್ಲಿ ಅಜ್ಜಿಯಾಗಿ ಬಂದಳು. ಪಾತ್ರ ಚಿಕ್ಕದಾದರೂ ನಾಟಕವೆಲ್ಲ ಅದಕ್ಕೇ ಕಾಯುತ್ತಿತ್ತು. ಮಕ್ಕಳು ಮೊಮ್ಮಕ್ಕಳು ಅಜ್ಜಿಯ ಮನೆಗಾಗಿ ಎರಡು ಗಂಟೆ ಕಿತ್ತಾಡುತ್ತಾರೆ, ಕೊನೆಯಲ್ಲಿ ಅಜ್ಜಿ ಬಾಗಿಲು ತೆರೆದು ಒಬ್ಬಳೇ ನಡೆದು ಬಂದು ನಡುವಿನ ಕುರ್ಚಿಯಲ್ಲಿ ಕುಳಿತು ಮನೆ ಯಾರಿಗೆಂದು ಹೇಳುತ್ತಾಳೆ.

ಮೊದಲ ದಿನವೇ ಬೇಬಿಗೆ ಏನೋ ಸರಿಯಿಲ್ಲ ಅನ್ನಿಸಿತು. ಮೇಡಂ ತೋಳನ್ನು ಉಡುಪಿನ ಕುತ್ತಿಗೆಯ ತೂತಿಗೆ ತುರುಕಿದಳು. ತುಟಿಯ ಬಣ್ಣ ಕೆನ್ನೆಗೆ ಹೋಗಿತ್ತು. ಬೇಬಿ ಬಾಗಿಲು ಹಾಕಿ ಬಂದು ಬಣ್ಣ ಒರೆಸುತ್ತ ಕೇಳಿದಳು: "ಮೇಡಂ, ಕಣ್ಣಿಗೆ ಎಂತ ಆಗಿದೆ?"

ಬೇಬಿಯ ಇಂಗ್ಲಿಷಿನಲ್ಲಿ ಕ್ರಿಯಾಪದಗಳಿಗೆ ಜಾಗವಿರಲಿಲ್ಲ, ಆದರೆ ಅರ್ಥವಾಗದಿರುವ ಪ್ರಶ್ನೆಯಲ್ಲ ಅದು. ಮೇಡಂ ಹೇಳಿದಳು. ಎದುರಿಗಿರುವುದು ಕಾಣುವುದಿಲ್ಲ, ಬದಿಯದು ಮಾತ್ರ ಮಸುಕಾಗಿ ಕಾಣುತ್ತದೆ.

"ಸಲ್ಮಾನಿಯಾ ಆಸ್ಪತ್ರೆಯಲ್ಲಿ ನಮ್ಮೂರಿನ ನರ್ಸು ಇದ್ದಾರೆ. ನಾಳೆ ಬೆಳಿಗ್ಗೆ ಹೋಗುವ."

"ಲಂಡನ್ನಿನ ಡಾಕ್ಟರು ಹೇಳಿಯಾಗಿದೆ. ಇದು ಇನ್ನು ಸರಿಯಾಗುವುದಿಲ್ಲ. ಮ್ಯಾನೇಜರ್‌ಗೆ ಗೊತ್ತಾದರೆ ನನ್ನ ನಾಟಕ ಇಲ್ಲಿಗೇ ಮುಗಿಯಿತು, ಬೇಬಿ. ಮಸ್ಕತ್ತಿಗೂ ಕರೆದುಕೊಂಡು ಹೋಗುವುದಿಲ್ಲ."

ಆ ರಾತ್ರಿ ಮೇಡಂ ಗೋಡೆ ಹಿಡಿದು, ಮೇಜು ಹಿಡಿದು ಹೇಗೋ ಕುರ್ಚಿ ಮುಟ್ಟಿದಳು. ವೇದಿಕೆಯ ಅಂಚು ಅಲ್ಲಿಂದ ಮೂರೇ ಹೆಜ್ಜೆ. ಪರದೆಯ ಸಂದಿಯಿಂದ ನೋಡುತ್ತಿದ್ದ ಬೇಬಿ ಬಾಗಿಲಿನಿಂದ ಕುರ್ಚಿಯ ತನಕ ಹೆಜ್ಜೆ ಎಣಿಸಿದಳು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯುಂಟು. ಮೇಡಮ್ಮಿಗೆ ಹಾಗೆ ಹೇಳಿಕೊಳ್ಳುವ ಪುಣ್ಯವೂ ಇರಲಿಲ್ಲ, ಹೇಳಿದರೆ ಗುಟ್ಟು ರಟ್ಟು.

ಮರುದಿನ ವ್ಯಾನಿನಲ್ಲಿ ಬೇಬಿ ಗಂಡನಿಗೆ ಹೇಳಿದಳು: "ನೀವು ಸ್ಟೇಜಿನ ಕಾರ್ಪೆಟ್ ಒಮ್ಮೆ ತೆಗೆದುಕೊಡ್ಬೇಕು ಮಾರಾಯ್ರೆ. ಅದರ ಅಡಿಗೆ ನಾನೊಂದು ಹುರಿ ಹೊಲಿಯುದುಂಟು."

"ನಿನಗೆಂತ ಮರ್ಲಾ? ಯಾರಾದ್ರೂ ಕೇಳಿದ್ರೆ?"

"ಕಾರ್ಪೆಟ್ ಜಾರ್ತದೆ, ಅದಕ್ಕೆ ಅಂತ ಹೇಳಿ. ಸುಳ್ಳು ಹೇಳ್ಲಿಕ್ಕೆ ನಿಮಗೆ ನಾನು ಹೇಳಿಕೊಡ್ಬೇಕಾ?"

ಲೀಲಾಧರ ಗೊಣಗುತ್ತಲೇ ಕಾರ್ಪೆಟ್ ಎತ್ತಿಕೊಟ್ಟ. ಪರದೆಗೆ ಹಾಕುವ ದಪ್ಪ ಹುರಿಯನ್ನು ಬೇಬಿ ಬಾಗಿಲಿನಿಂದ ಕುರ್ಚಿಯ ತನಕ ನೇರವಾಗಿ ಹೊಲಿದು, ಕುರ್ಚಿಯ ಮುಂದೆ ಒಂದು ಅಡ್ಡ ಹುರಿ ಹಾಕಿದಳು. ಮೇಲಿನಿಂದ ನೋಡಿದರೆ ಏನೂ ಕಾಣದು. ಅಜ್ಜಿಯ ತೆಳು ಚಪ್ಪಲಿಗೆ ಮಾತ್ರ ಗೊತ್ತಾಗುತ್ತಿತ್ತು. ಆ ಸಂಜೆ ಮೇಡಂ ತಲೆಯೆತ್ತಿ, ಮನೆಯ ಒಡತಿಯ ಗತ್ತಿನಲ್ಲಿ ನಡೆದು ಹೋಗಿ ಕುಳಿತಳು. ಚಪ್ಪಾಳೆ ಬಿತ್ತು. ಬೇಬಿಗೆ ತನಗೇ ಬಿದ್ದಷ್ಟು ಸಂತೋಷವಾಯಿತು. ಹಾಗೆಯೇ ವಾರ ಸಾಗಿತು.

ಗುರುವಾರ ಕೊನೆಯ ಆಟ. ಮೂರನೆಯ ಅಂಕ ನಡೆಯುತ್ತಿತ್ತು, ಬೇಬಿ ಮೇಡಮ್ಮಿನ ಶಾಲು ಸರಿಮಾಡುತ್ತಿದ್ದಳು. ಆಗ ಊಟದ ವ್ಯವಸ್ಥೆ ನೋಡುವ ಲಾನ್ಸೆಲೊಟ್, ಪುತ್ತೂರಿನವ, ಹಿಂಬದಿಯಿಂದ ಹೋಗುತ್ತ ಖುಷಿಯಿಂದ ಪಿಸುಗುಟ್ಟಿದ: "ಬೇಬಿಯಕ್ಕ, ಸ್ಟೇಜ್ ನೋಡಿದ್ರಾ? ನಾಳೆ ಮದುವೆ ಉಂಟಲ್ಲ, ಹೊಸ ಕಾರ್ಪೆಟ್ ಇವತ್ತೇ ಹಾಕಿಸಿದೆ. ಹಳೆಯದ್ದು ಗೋಡೌನಿಗೆ ಹೋಯ್ತು."

ಬೇಬಿಯ ಕೈ ಶಾಲಿನಲ್ಲೇ ನಿಂತಿತು. ಲೀಲಾಧರನಿಗೆ ಅಂದು ರಜೆ, ತಡೆಯುವವರು ಯಾರೂ ಇರಲಿಲ್ಲ. "ಮೇಡಂ, ಕಾರ್ಪೆಟ್ ಬೇರೆ. ಹುರಿ ಇಲ್ಲ."

ರಂಗದ ಮೇಲೆ ಮೊಮ್ಮಗನ ಪಾತ್ರದವನು ಅಜ್ಜಿಯ ಹೆಸರೆತ್ತಿ ಕೂಗುತ್ತಿದ್ದ, ಆ ಮಾತು ಕೇಳಿದೊಡನೆ ಮೇಡಂ ಹೋಗಬೇಕು. ಅವಳು ಬಾಗಿಲ ಹಿಡಿಕೆಗಾಗಿ ಕೈಯಾಡಿಸಿದಳು. ಇಷ್ಟು ವರ್ಷ ರಂಗದ ಮೇಲೆ ಬದುಕಿದ ಹೆಂಗಸು ಇವತ್ತು ಇವರೆಲ್ಲರ ಊಟದ ಮೇಜುಗಳ ಮೇಲೆ ಬೀಳಬಾರದು ಎಂಬುದೊಂದೇ ಬೇಬಿಯ ತಲೆಯಲ್ಲಿದ್ದದ್ದು. ಬಾಗಿಲು ತೆರೆಯುವಾಗ ಬೇಬಿ ಆ ಕೈ ಹಿಡಿದಳು, ಬಿಡಲಿಲ್ಲ. ಹೋಟೆಲಿನ ಬೂದಿಬಣ್ಣದ ಯೂನಿಫಾರ್ಮಿನಲ್ಲಿ, ಕುತ್ತಿಗೆಗೆ ಅಳತೆಯ ಟೇಪು ನೇತುಹಾಕಿಕೊಂಡೇ ರಂಗ ಹತ್ತಿದಳು.

ನಟರೆಲ್ಲ ಬಾಯಿ ತೆರೆದು ನಿಂತರು. ಬೇಬಿ ಯಾರನ್ನೂ ನೋಡದೆ ಮೇಡಮ್ಮನ್ನು ಕುರ್ಚಿಯ ತನಕ ನಡೆಸಿ ಕೂರಿಸಿದಳು. ಹಿಂದಿರುಗುವಷ್ಟರಲ್ಲಿ ಮೇಡಂ ಅವಳ ಕೈ ಹಿಡಿದು ನಿಲ್ಲಿಸಿ, ಕಿತ್ತಾಡುತ್ತಿದ್ದ ಬಳಗದ ಕಡೆಗೆ ಮುಖ ತಿರುಗಿಸಿದಳು.

"ಇವಳು ಬೇಬಿ. ಈ ಮನೆಯಲ್ಲಿ ನನ್ನ ಕೈ ಹಿಡಿದವಳು ಇವಳೊಬ್ಬಳೇ. ಅದನ್ನು ನೆನಪಿಟ್ಟುಕೊಂಡು ನನ್ನ ಮಾತು ಕೇಳಿ."

ಯಾರೂ ಬರೆದ ಮಾತಲ್ಲ ಅದು. ಜನ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ಮೇಡಂ ಮುಂದಿನ ಮಾತುಗಳನ್ನು ಒಂದೂ ತಪ್ಪದೆ ಹೇಳಿದಳು. ಕೊನೆಗೆ ಎಲ್ಲರೂ ಸಾಲಾಗಿ ನಿಂತು ಬಾಗುವಾಗಲೂ ಅವಳು ಬೇಬಿಯ ಕೈ ಬಿಡಲಿಲ್ಲ. ಇಂಗ್ಲಿಷಿನವರ ಹಾಗೆ ಬಾಗಲು ಬೇಬಿಗೆ ಬಾರದು. ಮೇಳದವರು ಮಾಡುವ ಹಾಗೆ ರಂಗದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೆನ್ನಿಗೆ ಬಿದ್ದ ಆ ಎರಡು ಪೆಟ್ಟು ನೆನಪಾಗಿ ಕಣ್ಣು ತುಂಬಿಬಂತು.

ಆಮೇಲೆ ಮ್ಯಾನೇಜರ್ ಬಣ್ಣದ ಕೋಣೆಗೆ ಬಂದ. ಬೈಯಲಿಲ್ಲ. "ಚೆನ್ನಾಗಿತ್ತು, ಎನಿಡ್" ಎಂದು ವೈನಿನ ಗ್ಲಾಸು ಚಾಚಿದ. ಮೇಡಮ್ಮಿನ ಕೈ ಗ್ಲಾಸಿನ ಪಕ್ಕದ ಗಾಳಿಯನ್ನು ಹಿಡಿಯಿತು. ಪರೀಕ್ಷೆಗೆಂದೇ ಚಾಚಿದ್ದೆಂದು ಬೇಬಿಗೆ ಆಗ ಹೊಳೆಯಿತು.

"ಎಷ್ಟು ಕಾಲವಾಯಿತು?" ಎಂದ.

"ಒಂದು ವರ್ಷ" ಎಂದಳು ಮೇಡಂ, ಮುಚ್ಚುಮರೆಯಿಲ್ಲದೆ. ಅವನು ಅವಳ ಭುಜ ಮುಟ್ಟಿ, ಮಸ್ಕತ್ತಿಗೆ ಬೇರೆಯವರನ್ನು ಕರೆಸುವುದಾಗಿಯೂ ಲಂಡನ್ನಿನ ಟಿಕೆಟ್ ನಾಳೆ ಮಾಡಿಸುವುದಾಗಿಯೂ ಮೆಲ್ಲಗೆ ಹೇಳಿ ಹೋದ.

ಬೇಬಿ ಅಳಲು ಶುರುಮಾಡಿದಳು. "ನಾನು ಬಂದದ್ದರಿಂದಲೇ ಹೀಗಾಯ್ತು ಮೇಡಂ. ನಾನೇ ಹಾಳು ಮಾಡಿದೆ."

"ನೀನು ಬರದಿದ್ದರೆ ನಾನು ಬೀಳುತ್ತಿದ್ದೆ. ಟಿ.ವಿ.ಯಲ್ಲಿ ಒಮ್ಮೆ ಬಿದ್ದು ಸತ್ತದ್ದು ಸಾಕು." ಮೇಡಂ ಕುರ್ಚಿಯಲ್ಲಿ ಕುಳಿತಳು. "ಅದಿರಲಿ. ರಂಗದ ಮೇಲೆ ಹೇಗಿತ್ತು, ಹೇಳು."

ಬೇಬಿ ಮೂಗೊರೆಸಿಕೊಂಡು ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಲೈಟು ಭಾರೀ ಜೋರು ಮೇಡಂ. ಜನ ಎಲ್ಲಿದ್ದಾರೆ, ಎಷ್ಟಿದ್ದಾರೆ, ನನಗೆ ಎಂತದೂ ಕಾಣ್ಲಿಲ್ಲ."

ಪಾಸ್ಕೋ ಮೇಡಂ ಜೋರಾಗಿ ನಕ್ಕಳು. "ಯಾರಿಗೂ ಕಾಣುವುದಿಲ್ಲ, ಬೇಬಿ. ಕಣ್ಣು ಚೆನ್ನಾಗಿದ್ದಾಗಲೂ ನನಗೆ ಯಾವತ್ತೂ ಕಂಡದ್ದಿಲ್ಲ."

ಆಮೇಲೆ ಅವಳು ಬೆನ್ನು ತಿರುಗಿಸಿ ಕುಳಿತಳು, ಬೇಬಿ ಅಜ್ಜಿಯ ಉಡುಪಿನ ಕೊಕ್ಕೆಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚತೊಡಗಿದಳು.